ಕಾಡಿಗೆ ಎಂಥ ಕತ್ತಿ?

ಮಳೆ ಹಿಂದೆ ಸರಿದು ಚಾರಣದ ದಿನಗಳು ಶುರುವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಶೂ, ಟೆಂಟು, ಬ್ಯಾಗುಗಳ ಪ್ರಶ್ನೆಗಳನ್ನು ಬದಿಗೆ ತಳ್ಳಿ ಈ ಸಲ ಕತ್ತಿ ಮುಂದೆ ಬಂದಿದೆ. ದಾರಿ ತಪ್ಪಿ ಕಾಡಿನಲ್ಲಿ ಒಂದೆರಡು ರಾತ್ರಿ ಕಳೆಯಬೇಕಾಗಿ ಬಂದರೆ ಜೊತೆಗೆ ಎಂಥ ಕತ್ತಿ ಇರಬೇಕು ಎಂಬುದು ಹೆಚ್ಚಿನವರ ಕುತೂಹಲ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರ: ಆನ್‌ಲೈನ್‌ನಲ್ಲಿ ಒಂದು ‘ಸರ್ವೈವಲ್ ನೈಫ್’ ನೋಡಿದೆ. ಹನ್ನೆರಡು ಇಂಚಿನ ಅಲಗು, ಬೆನ್ನಿಗೆ ಗರಗಸದ ಹಲ್ಲು, ಟೊಳ್ಳು ಹಿಡಿಯೊಳಗೆ ಬೆಂಕಿಕಡ್ಡಿ ಮತ್ತು ಗಾಳದ ದಾರ, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಬೆಲೆ ಎರಡು ಸಾವಿರದೊಳಗೆ. ಮುಂದಿನ ತಿಂಗಳು ಗೆಳೆಯರ ಜೊತೆ ಕುಮಾರ ಪರ್ವತಕ್ಕೆ ಹೊರಟಿದ್ದೇನೆ. ತೆಗೆದುಕೊಳ್ಳಲೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉ: ಬೇಡ. ಇದಕ್ಕೆ ಕಾನೂನಿನ ಕಡೆಯಿಂದಲೂ ಕಾರಣವಿದೆ, ಕತ್ತಿಯ ಕಡೆಯಿಂದಲೂ ಇದೆ.

ಮೊದಲು ಕಾನೂನು. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾರೂ ಆಯುಧ ಹಿಡಿದು ಧಾಮದೊಳಗೆ ಕಾಲಿಡುವಂತಿಲ್ಲ. ಆಯುಧ ಎಂದರೆ ಕೋವಿ, ಬಿಲ್ಲು-ಬಾಣ ಮಾತ್ರವಲ್ಲ. ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿ ಬಲೆ, ಉರುಳು, ಗಾಳಗಳ ಜೊತೆಗೆ ಚಾಕುವೂ ಸೇರಿದೆ. ನಿಮ್ಮ ಕತ್ತಿಯ ಹಿಡಿಯೊಳಗೆ ಗಾಳದ ಕೊಕ್ಕೆಯೂ ಇದ್ದರೆ ಎರಡು ಆಯುಧ ಒಯ್ದಂತಾಯಿತು. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಇದರ ಮೇಲೆ ಶಸ್ತ್ರಾಸ್ತ್ರ ನಿಯಮಗಳು ಬೇರೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಅದನ್ನು ಮನೆಬಳಕೆಗೋ ಕೃಷಿಗೋ ವೈಜ್ಞಾನಿಕ ಅಥವಾ ಕೈಗಾರಿಕಾ ಕೆಲಸಕ್ಕೋ ಮಾಡಿದ್ದಲ್ಲವಾದರೆ ಅದು ಶಸ್ತ್ರಗಳ ಪಟ್ಟಿಗೆ ಸೇರುತ್ತದೆ. ಹನ್ನೆರಡು ಇಂಚಿನ ಈ ಕತ್ತಿ ಅಡುಗೆಮನೆಯದೂ ಅಲ್ಲ, ತೋಟದ್ದೂ ಅಲ್ಲ. ಪೊಲೀಸರ ಎದುರು ನೀವು ಏನೆಂದು ವಾದಿಸುತ್ತೀರಿ?

ಇನ್ನು ಕತ್ತಿಯ ವಿಚಾರ. ಟೊಳ್ಳು ಹಿಡಿಯ ಕತ್ತಿಗೆ ಜಗತ್ತಿನಾದ್ಯಂತ ಹುಚ್ಚು ಹಿಡಿಸಿದ್ದು 1982ರ ‘ಫಸ್ಟ್ ಬ್ಲಡ್’ ಸಿನಿಮಾ. ಅದರಲ್ಲಿ ನಾಯಕ ರ‍್ಯಾಂಬೊ ಹಿಡಿದದ್ದು ಅಮೆರಿಕದ ಅರ್ಕನ್ಸಾದ ಕತ್ತಿಗಾರ ಜಿಮ್ಮಿ ಲೈಲ್ ಕೈಯಾರೆ ಮಾಡಿದ ಗಟ್ಟಿ ಕತ್ತಿ. ಈಗ ಮಾರುಕಟ್ಟೆಯಲ್ಲಿರುವುದು ಅದರ ಅಗ್ಗದ ನಕಲುಗಳು. ಹಿಡಿ ಟೊಳ್ಳಾಗಿರಬೇಕಾದರೆ ಅಲಗಿನ ಬಾಲ ಹಿಡಿಯೊಳಗೆ ಆಳಕ್ಕೆ ಇಳಿಯುವಂತಿಲ್ಲ. ತುಸುವೇ ಒಳಹೋಗಿ ನಟ್ಟಿನ ಅಥವಾ ಅಂಟಿನ ಮೇಲೆ ನಿಂತಿರುತ್ತದೆ. ಗಟ್ಟಿ ಕಟ್ಟಿಗೆಗೆ ನಾಲ್ಕು ಏಟು ಬಿದ್ದರೆ ಅಲ್ಲೇ ಸಡಿಲ. ಬೆನ್ನಿನ ಗರಗಸವೂ ತೋರಿಕೆಗೆ. ದಪ್ಪ ಬೆನ್ನಿನ ಮೇಲೆ ಕೊರೆದ ಹಲ್ಲಿಗೆ ಮರದ ಪುಡಿಯನ್ನು ಹೊರಗೆ ತಳ್ಳುವ ಶಕ್ತಿ ಇರುವುದಿಲ್ಲ, ನಾಲ್ಕೆಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ದಿಕ್ಸೂಚಿಯ ಕಥೆ ಇನ್ನೂ ತಮಾಷೆಯದು: ಉಕ್ಕಿನ ಪಕ್ಕದಲ್ಲೇ ಕೂತ ಕಾಂತದ ಮುಳ್ಳು ಉತ್ತರವನ್ನು ಬಿಟ್ಟು ಉಕ್ಕಿನ ಕಡೆಗೆ ವಾಲುತ್ತದೆ.

ಆ ದುಡ್ಡಿಗೆ ತಲೆಗೆ ಕಟ್ಟುವ ಟಾರ್ಚು, ಒಳ್ಳೆಯ ಮಳೆಯಂಗಿ, ಒಂದು ಸೀಟಿ ಬರುತ್ತದೆ. ಹಣ್ಣು ಹೆಚ್ಚುವ ಪುಟ್ಟ ಚಾಕು ಇಟ್ಟುಕೊಂಡಿದ್ದರೂ ಅರಣ್ಯ ಇಲಾಖೆಯ ತಪಾಸಣೆಯಲ್ಲಿ ಮುಚ್ಚಿಡದೆ ತೋರಿಸಿ. ಬೇಡವೆಂದರೆ ಅಲ್ಲೇ ಬಿಟ್ಟು ಹತ್ತಿ.

ಪ್ರ: ಧಾಮಗಳ ಮಾತು ಬಿಡಿ. ಅನುಮತಿ ಇರುವ ಜಾಗದಲ್ಲಿ, ಖಾಸಗಿ ಎಸ್ಟೇಟಿನ ಶಿಬಿರದಲ್ಲಿ ಬಳಸಲು ಕತ್ತಿ ಕೊಳ್ಳುವುದಾದರೆ ಏನೇನು ನೋಡಬೇಕು? ‘ಫುಲ್ ಟ್ಯಾಂಗ್’ ಇಲ್ಲದ್ದನ್ನು ಮುಟ್ಟಲೇಬೇಡಿ ಎನ್ನುತ್ತಾರಲ್ಲ, ನಿಜವೇ?
— ಎನ್‌ಸಿಸಿ ಕೆಡೆಟ್, ಧಾರವಾಡ

ಉ: ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಕೆಲಸಗಳನ್ನು ಬರೆದುಕೊಳ್ಳಿ. ಸಂಕಟದಲ್ಲಿ ಸಿಕ್ಕಿಕೊಂಡವರು ಕತ್ತಿಯಿಂದ ನಿಜವಾಗಿ ಮಾಡುವುದು ಇಷ್ಟು: ಹಗ್ಗ, ಬಟ್ಟೆ, ಪ್ಲಾಸ್ಟಿಕ್ ಹಾಳೆ ಕತ್ತರಿಸುವುದು, ಗೂಟ ಚೂಪು ಮಾಡುವುದು, ಒದ್ದೆ ಕಟ್ಟಿಗೆ ಸೀಳಿ ಒಳಗಿನ ಒಣ ಭಾಗ ತೆಗೆಯುವುದು, ಬೆಂಕಿ ಹತ್ತಿಸಲು ತೆಳ್ಳನೆ ಸಿಬಿರು ಎಬ್ಬಿಸುವುದು, ಊಟಕ್ಕೆ ಏನಾದರೂ ಹೆಚ್ಚುವುದು. ಮರ ಉರುಳಿಸುವುದು ಈ ಪಟ್ಟಿಯಲ್ಲಿಲ್ಲ, ಹುಲಿಯ ಜೊತೆ ಕಾಳಗವೂ ಇಲ್ಲ.

ಈ ಕೆಲಸಗಳಿಗೆ 4ರಿಂದ 5 ಇಂಚಿನ ಅಲಗು ಬೇಕಾದಷ್ಟಾಯಿತು. ಬೆನ್ನಿನ ದಪ್ಪ 2.5ರಿಂದ 4 ಮಿ.ಮೀ. ಸಾಕು. ಅದಕ್ಕಿಂತ ದಪ್ಪವಾದರೆ ಕಟ್ಟಿಗೆಯನ್ನು ಒಡೆಯುತ್ತದೆಯೇ ಹೊರತು ಕೊಯ್ಯುವುದಿಲ್ಲ. ಬೆನ್ನಿನ ಮೂಲೆಗಳು ದುಂಡಗಿರದೆ ಚೌಕವಾಗಿರಲಿ, ಕಿಡಿಕಡ್ಡಿಯನ್ನು ಕೆರೆದು ಬೆಂಕಿ ಎಬ್ಬಿಸಲು ಆ ಮೂಲೆಯೇ ಬೇಕು. ಫೆರೋ ರಾಡ್ ಎಂದು ಮಾರುವ ಈ ಕಡ್ಡಿಯ ಮಿಶ್ರಲೋಹವನ್ನು 1903ರಲ್ಲಿ ಕಂಡುಹಿಡಿದವನು ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ನೆನೆದರೂ ಒರೆಸಿಕೊಂಡು ಕೆರೆದರೆ ಕಿಡಿ ಕೊಡುತ್ತದೆ, ಬೆಂಕಿಕಡ್ಡಿ ಕೊಡುವುದಿಲ್ಲ. ಹಿಡಿ ಮೊಟ್ಟೆಯಾಕಾರದ ಸುತ್ತಳತೆಯದಾಗಿದ್ದರೆ ಕತ್ತಲಲ್ಲೂ ಬಾಯಿ ಯಾವ ಕಡೆಗಿದೆ ಎಂದು ಅಂಗೈಗೆ ತಿಳಿಯುತ್ತದೆ. ಬೆರಳುಗಳಿಗೆ ಹಳ್ಳ ಕೊರೆದ ಹಿಡಿ ಒಂದು ರೀತಿಯಲ್ಲಿ ಹಿಡಿಯಲು ಮಾತ್ರ ಸುಖ. ಒರೆ ತಲೆಕೆಳಗಾಗಿ ಹಿಡಿದು ಅಲುಗಿಸಿದರೂ ಕತ್ತಿಯನ್ನು ಬಿಡಬಾರದು.

ಫುಲ್ ಟ್ಯಾಂಗ್ ಎಂದರೆ ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಅದೇ ಅಗಲದಲ್ಲಿ ಹಾಯ್ದಿರುವುದು. ಕತ್ತಿಯ ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಹೊಡೆದು ಸೀಳುವ ಕೆಲಸ ಇದ್ದರೆ ಅದು ನಿಶ್ಚಿಂತೆಯ ಆಯ್ಕೆ. ಆದರೆ ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಸ್ವೀಡನ್ನಿನ ಡಾಲಾರ್ನಾ ಪ್ರಾಂತ್ಯದ ಮೋರಾ ಊರಿನ ಕತ್ತಿಗಳನ್ನು ನೋಡಿ. ಅವುಗಳಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ಮಾದರಿಯ ಅಲಗು ಸುಮಾರು 10 ಸೆಂ.ಮೀ., ದಪ್ಪ 2.5 ಮಿ.ಮೀ., ಬಾಲ ಪ್ಲಾಸ್ಟಿಕ್ ಹಿಡಿಯ ತುದಿ ತಲುಪುವ ಮೊದಲೇ ನಿಲ್ಲುತ್ತದೆ. ಆದರೂ ಬಡಗಿಗಳಿಂದ ಹಿಡಿದು ಕಾಡಿನ ತರಬೇತಿ ಕೊಡುವವರವರೆಗೆ ಅದನ್ನು ನೆಚ್ಚುತ್ತಾರೆ. ಅದರ ಬಾಯಿ ಮರಕ್ಕೆ ಕಚ್ಚುವ ರೀತಿ ಅಂಥದ್ದು.

ಚಿಕ್ಕದು ಸಾಕೇ ಎಂಬ ಅನುಮಾನ ಇದ್ದರೆ ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ ‘ಓಟ್ಸಿ’ಯನ್ನು ನೆನೆಯಿರಿ. ಸುಮಾರು 5,300 ವರ್ಷ ಹಿಂದಿನ ಆ ಮನುಷ್ಯನ ಬಳಿ ತಾಮ್ರದ ಕೊಡಲಿಯ ಜೊತೆ ಇದ್ದ ಚೂರಿ ಚಕಮಕಿ ಕಲ್ಲಿನದು. ಮರದ ಹಿಡಿಯೂ ಸೇರಿ ಅದರ ಉದ್ದ ಸುಮಾರು 13 ಸೆಂ.ಮೀ. ಮಾತ್ರ.

ಪ್ರ: ಕಾರ್ಬನ್ ಸ್ಟೀಲ್ ಒಳ್ಳೆಯದೋ ಸ್ಟೇನ್‌ಲೆಸ್ಸೋ? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣ ಎಂಬುದೆಲ್ಲ ತುಕ್ಕು.
— ಅಂಚೆ ಸಿಬ್ಬಂದಿ, ಹೊಸನಗರ

ಉ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಎರಡೂ ಉಕ್ಕೇ, ಎರಡರಲ್ಲೂ ಇಂಗಾಲ ಇದೆ. ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಸೇರಿದಾಗ ಅದನ್ನು ಸ್ಟೇನ್‌ಲೆಸ್ ಎನ್ನುತ್ತಾರೆ. ಆ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಕಾರ್ಬನ್ ಸ್ಟೀಲಿಗೆ ಆ ರಕ್ಷಣೆ ಇಲ್ಲ. ಆದರೆ ಅದು ಯಾವ ಕಲ್ಲಿನ ಮೇಲಾದರೂ ಬೇಗ ಹರಿತಕ್ಕೆ ಬರುತ್ತದೆ, ಏಟನ್ನೂ ಚೆನ್ನಾಗಿ ತಾಳುತ್ತದೆ.

ದಿನವೂ ಕೈಗೆತ್ತಿಕೊಳ್ಳುವ ಕತ್ತಿಯಾದರೆ ಕಾರ್ಬನ್ ಇರಲಿ, ಬಳಕೆಯೇ ಅದರ ತುಕ್ಕನ್ನು ಕಳೆಯುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರತೆಗೆದು ಉಳಿದ ದಿನ ಅಟ್ಟದ ಮೇಲೆ ಮರೆಯುವುದಾದರೆ ಸ್ಟೇನ್‌ಲೆಸ್ಸೇ ಲೇಸು. ಮಲೆನಾಡಿನ ಮಳೆಗಾಲದಲ್ಲಿ ಕಾರ್ಬನ್ ಅಲಗು ಒಂದೇ ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗಬಲ್ಲದು. ಒರೆಸಿ ತೆಳುವಾಗಿ ಎಣ್ಣೆ ಸವರಿ. ಚರ್ಮದ ಒರೆಯೊಳಗಿಟ್ಟು ತಿಂಗಳುಗಟ್ಟಲೆ ಬಿಡಬೇಡಿ, ಚರ್ಮ ತೇವ ಹೀರಿ ಹಿಡಿದಿಟ್ಟು ಅಲಗಿಗೇ ದಾಟಿಸುತ್ತದೆ.

ಜಾಹೀರಾತಿನಲ್ಲಿ ಎಚ್‌ಆರ್‌ಸಿ ಎಂಬ ಅಕ್ಷರಗಳಿದ್ದರೆ ಅದು ರಾಕ್‌ವೆಲ್ ಗಡಸುತನದ ಅಳತೆ. ಕಾಡಿನ ಕತ್ತಿಗೆ 56ರಿಂದ 60 ಹಿತ. ಅದಕ್ಕಿಂತ ಬಹಳ ಕಡಿಮೆಯಾದರೆ ಬಾಯಿ ಮಡಚಿಕೊಳ್ಳುತ್ತದೆ, ಬಹಳ ಹೆಚ್ಚಾದರೆ ಅಂಚಿನಿಂದ ಚೂರು ಹಾರುತ್ತದೆ. ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಬರೆದು ಉಕ್ಕಿನ ದರ್ಜೆಯನ್ನೇ ಹೇಳದ ಕತ್ತಿಯನ್ನು ಕೊಳ್ಳಬೇಡಿ.

ಪ್ರ: ಬೆಂಗಳೂರಿನಿಂದ ಬಂದ ಮೊಮ್ಮಗ ಆರು ಸಾವಿರದ ವಿದೇಶಿ ಚೂರಿ ತೋರಿಸಿ, ನನ್ನ ಸೊಂಟದ ಕತ್ತಿ ನೋಡಿ ನಕ್ಕ. ನಮ್ಮೂರ ಆಚಾರಿ ಲಾರಿಯ ಪಟ್ಟಿಯಿಂದ ಬಡಿದುಕೊಟ್ಟ ಕತ್ತಿ ಇದು. ಇದು ಕಾಡಿಗೆ ಆಗದೇ?
— ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಉ: ಮೊಮ್ಮಗನಿಗೆ ಆ ಚೂರಿಯಿಂದ ತೋಟದ ಬೇಲಿಯ ಒಂದು ಮಾರು ಜಾಗ ಸವರಲು ಹೇಳಿ. ಉತ್ತರ ಅವನೇ ಕೊಡುತ್ತಾನೆ.

ನಿಮ್ಮ ಕತ್ತಿಯ ಉಕ್ಕನ್ನು ಹಗುರವಾಗಿ ಎಣಿಸುವಂತಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು ಶೇ 0.6ರಷ್ಟು ಇಂಗಾಲವಿರುತ್ತದೆ, ಜೊತೆಗೆ ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ ಬೆರಕೆ. ಟನ್ನುಗಟ್ಟಲೆ ಭಾರಕ್ಕೆ ಬಾಗಿ ಮತ್ತೆ ಮೇಲೇಳಬೇಕಾದ ಲೋಹವದು, ಏಟಿಗೆ ಸುಲಭವಾಗಿ ಮುರಿಯುವುದಿಲ್ಲ. ಅಮೆರಿಕದ ಕತ್ತಿಗಾರರು ದೊಡ್ಡ ಕತ್ತಿಗೆ ಮೆಚ್ಚಿ ಬಳಸುವ 5160 ಎಂಬ ಉಕ್ಕೂ ಮೂಲದಲ್ಲಿ ಸ್ಪ್ರಿಂಗ್ ಪಟ್ಟಿಯದೇ. ವ್ಯತ್ಯಾಸ ಬರುವುದು ಹದದಲ್ಲಿ. ಕೆಂಪಗೆ ಕಾಯಿಸಿ ಅದ್ದಿದ ಅಲಗು ಗಾಜಿನಷ್ಟು ಬಿರುಸು. ಅದನ್ನು ಮತ್ತೆ ಹದವಾಗಿ ಕಾಯಿಸಿ ಬಿರುಸನ್ನು ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಓಡಿತೆಂದರೆ ಕಾವು ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್, ನೀಲಿ ಬಣ್ಣಕ್ಕೆ ತಿರುಗಿದರೆ ಸುಮಾರು 300. ನೀಲಿ ಬಣ್ಣ ಸ್ಪ್ರಿಂಗಿಗೆ ಸರಿ, ಕತ್ತಿಯ ಬಾಯಿಗೆ ಹಳದಿಯ ಆಸುಪಾಸಿನಲ್ಲೇ ನಿಲ್ಲಿಸಬೇಕು. ಥರ್ಮಾಮೀಟರ್ ಇಲ್ಲದೆ ಕುಲುಮೆಯ ಎದುರು ಇದನ್ನು ಕಣ್ಣಳತೆಯಲ್ಲಿ ಹಿಡಿಯುವ ಆಚಾರಿ ನಿಮ್ಮೂರಲ್ಲಿ ಇದ್ದರೆ ನೀವು ಅದೃಷ್ಟವಂತರು.

ಆಕಾರಕ್ಕೂ ಅರ್ಥವಿದೆ. ತುದಿಯ ಕೊಕ್ಕು ಟೊಂಗೆಯನ್ನು ಎಳೆದು ಹಿಡಿಯುತ್ತದೆ, ಕಲ್ಲಿಗೆ ತಾಗಿದಾಗ ಬಾಯಿಯನ್ನು ಕಾಯುತ್ತದೆ, ಭಾರವನ್ನು ಮುಂದಕ್ಕೆ ತಂದು ಏಟಿಗೆ ಬಲ ಕೊಡುತ್ತದೆ. ಬೆನ್ನ ಹಿಂದೆ ಕತ್ತಿ ತೂಗುಹಾಕುವ ಉತ್ತರ ಕನ್ನಡದ ಕತ್ತಿಕೊಕ್ಕೆ ಎರಡೂ ಕೈಯನ್ನು ಖಾಲಿ ಬಿಡುತ್ತದೆ. ಕೊಡಗಿನ ಒಡಿಕತ್ತಿಯನ್ನು ಹಿಂಬದಿಯ ಹಿತ್ತಾಳೆ ಪಟ್ಟಿಗೆ ಸಿಕ್ಕಿಸುವುದೂ ಹೀಗೆಯೇ. ಇಂದು ಅದು ಮದುವೆಯಲ್ಲಿ ಬಾಳೆದಿಂಡು ಕಡಿಯಲು ಉಳಿದಿದ್ದರೂ ಅದರ ಭಾರ, ಬಾಗುಗಳೆಲ್ಲ ಕಾಡಿನ ಕೆಲಸದಿಂದ ಬಂದವು.

ಆದರೆ ಮೊಮ್ಮಗನ ಕಡೆಗೂ ಒಂದು ಮಾತು ನ್ಯಾಯ ಹೇಳಬೇಕು. ನಿಮ್ಮ ಕತ್ತಿಯಲ್ಲಿ ತೆಳ್ಳನೆ ಸಿಬಿರು ಎಬ್ಬಿಸುವುದು, ಕಾಲಿಗೆ ಹೊಕ್ಕ ಮುಳ್ಳು ತೆಗೆಯುವುದು ಕಷ್ಟ. ಕಾಡು ತಿಳಿದವರು ಹಿಂದಿನಿಂದಲೂ ದೊಡ್ಡದೊಂದು, ಚಿಕ್ಕದೊಂದು ಇಟ್ಟುಕೊಂಡೇ ಬಂದಿದ್ದಾರೆ. ಓಟ್ಸಿಯ ಬಳಿ ಕೊಡಲಿ-ಚೂರಿ ಇತ್ತು. ‘ನೆಸ್‌ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲಿ ಸೂಚಿಸಿದ್ದು ಪುಟ್ಟ ಕೊಡಲಿ, ತೆಳು ಅಲಗಿನ ಒರೆಚೂರಿ, ಜೇಬಿನ ಮಡಚು ಚಾಕು. ಹಾಗಾಗಿ ಅದೇ ಆಚಾರಿಗೆ ಹೇಳಿ ನಾಲ್ಕಿಂಚಿನ ಚೂರಿಯೊಂದನ್ನೂ ಬಡಿಸಿ. ಪಟ್ಟಿ ಹಳೆಯದಾದರೆ ಒಳಗೆ ಕೂದಲೆಳೆಯ ಬಿರುಕು ಇರಬಹುದು. ಕತ್ತಿಯಾದ ಮೇಲೆ ದಾರದಲ್ಲಿ ತೂಗಿ ತಟ್ಟಿ ನೋಡಿ: ಸದ್ದು ಉದ್ದಕ್ಕೆ ಕಿಣಿಗುಟ್ಟಿದರೆ ಸರಿ, ಬೊಕ್ಕ ಸದ್ದಾದರೆ ಅನುಮಾನಿಸಿ.

ಕೃಷಿಯ ಕತ್ತಿಗೆ ಶಸ್ತ್ರಾಸ್ತ್ರ ನಿಯಮದ ವಿನಾಯಿತಿ ಇದೆಯೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಬೇಡಿ. ಅಭಯಾರಣ್ಯದ ಗಡಿ ದಾಟುವಾಗಲೂ ಆ ವಿನಾಯಿತಿ ಕೆಲಸಕ್ಕೆ ಬಾರದು.

ಪ್ರ: ಶಾಲೆಯ ಒಂಬತ್ತನೇ ತರಗತಿ ಮಕ್ಕಳಿಗೆ ಹೊರಾಂಗಣ ಶಿಬಿರ ಮಾಡುತ್ತಿದ್ದೇವೆ. ಕತ್ತಿ ಬಳಸುವುದನ್ನು ಕಲಿಸಬೇಕೆಂದಿದೆ, ಪೋಷಕರಿಗೆ ಭಯ. ಮಡಚುವ ಚಾಕು ಸುರಕ್ಷಿತವಲ್ಲವೇ?
— ಪ್ರೌಢಶಾಲಾ ಶಿಕ್ಷಕಿ, ಮೈಸೂರು

ಉ: ಹಾಗೆ ಅನ್ನಿಸುವುದು ಸಹಜ ಮೇಡಂ, ಆದರೆ ಹೊಸಬರ ಕೈಗೆ ಮಡಚು ಚಾಕುವೇ ಹೆಚ್ಚು ಅಪಾಯದ್ದು. ಬೀಗ ಇಲ್ಲದ ಮಡಚು ಚಾಕುವಿನ ತುದಿಯನ್ನು ಒತ್ತಿದರೆ ಅಲಗು ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮೊದಲ ಪಾಠಕ್ಕೆ ಮೂರಿಂಚಿನ, ಬೆರಳು ಮುಂದೆ ಜಾರದಂತೆ ತಡೆ ಇರುವ, ತುದಿ ಮೊಂಡಾದ ಸ್ಥಿರ ಅಲಗಿನ ಚೂರಿ ಕೊಡಿ.

ಬಳಸುವಾಗ ಕುಳಿತೇ ಇರಬೇಕು. ಕೈ ಚಾಚಿ ಸುತ್ತ ತಿರುಗಿಸಿದರೆ ಯಾರೂ ತಾಗಬಾರದು. ಮೊಣಕೈಗಳು ಮೊಣಕಾಲಿನ ಮೇಲಿರಲಿ, ಅಲಗು ಮೊಣಕಾಲಿನ ಆಚೆಗೆ ಓಡಲಿ. ಎರಡು ತೊಡೆಗಳ ನಡುವೆ ಇಟ್ಟು ಎಂದೂ ಕೆತ್ತಬಾರದು, ಏಕೆಂದರೆ ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹಾಯುತ್ತದೆ. ಅದು ಕತ್ತರಿಸಿದರೆ ಆಸ್ಪತ್ರೆ ತಲುಪುವಷ್ಟು ಸಮಯವೂ ಸಿಗಲಿಕ್ಕಿಲ್ಲ. ಎದ್ದು ನಿಲ್ಲುವ ಮೊದಲು ಕತ್ತಿ ಒರೆಗೆ ಹೋಗಬೇಕು. ಇನ್ನೊಬ್ಬರಿಗೆ ಕೊಡುವಾಗ ಹಿಡಿ ಮುಂದೆ, ಪಡೆದವರು ‘ಸಿಕ್ಕಿತು’ ಎಂದ ಮೇಲೆಯೇ ಬಿಡಬೇಕು. ಬೀಳುವ ಕತ್ತಿಯನ್ನು ಹಿಡಿಯಲು ಹೋಗಬಾರದು. ಒಬ್ಬ ಹಿರಿಯರಿಗೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಬೇಡ. ಶಾಲೆಯ ಮೈದಾನದಲ್ಲಿ ಒಂದು ಟೆಂಟಿನ ಗೂಟ ಕೆತ್ತಿಸಿ. ಪೋಷಕರನ್ನೂ ಕರೆದು ಪಕ್ಕದಲ್ಲಿ ಕೂರಿಸಿದರೆ ಅವರ ಭಯ ತಾನೇ ಇಳಿಯುತ್ತದೆ.

ಪ್ರ: ಎಷ್ಟು ಮಸೆದರೂ ನನ್ನ ಕತ್ತಿ ಹರಿತವಾಗುವುದಿಲ್ಲ. ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಡಲೇ?
— ಗಣಿ ಕಂಪನಿ ನೌಕರ, ಸಂಡೂರು

ಉ: ಅಡುಗೆಮನೆಯ ಚಾಕು ಕೊಡಿ, ಅಡ್ಡಿಯಿಲ್ಲ. ಕಾಡಿನ ಕತ್ತಿ ಬೇಡ. ಒಣ ಚಕ್ರದ ವೇಗಕ್ಕೆ ತೆಳು ಅಂಚು ಕಾದು ನೀಲಿಗಟ್ಟಿದರೆ ಅಲ್ಲಿ ಹದ ಹೋಯಿತೆಂದೇ ಅರ್ಥ. ಕಾಡಿನಲ್ಲಿ ಸಾಣೆಯವರು ಸಿಗುವುದೂ ಇಲ್ಲ.

ಹೆಚ್ಚಿನವರು ಎಡವುವುದು ಕೋನದಲ್ಲಿ. ಅಲಗನ್ನು ಕಲ್ಲಿನ ಮೇಲೆ ನೇರ ನಿಲ್ಲಿಸಿದರೆ 90 ಡಿಗ್ರಿ, ಅರ್ಧಕ್ಕೆ ವಾಲಿಸಿದರೆ 45, ಅದರ ಅರ್ಧ ಇಪ್ಪತ್ತೆರಡೂವರೆ. ಇನ್ನೊಂದು ಕೂದಲೆಳೆ ಇಳಿಸಿದರೆ ಬೇಕಾದ 20 ಡಿಗ್ರಿಯ ಆಸುಪಾಸು. ಅಲಗಿನ ಪಕ್ಕಕ್ಕೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಎರಡು ಎಳೆತ ಎಳೆಯಿರಿ. ಬಣ್ಣ ಅಂಚಿನಲ್ಲೇ ಅಳಿಸಿದ್ದರೆ ಕೋನ ಸರಿ, ಮೇಲ್ಗಡೆ ಅಳಿಸಿದ್ದರೆ ಬೆನ್ನನ್ನು ಇನ್ನೂ ತುಸು ಎತ್ತಿ. ಮೊದಲು 400 ನಂಬರಿನ ಕಲ್ಲು, ಆಮೇಲೆ 1000. ಒಂದು ಬದಿ ಮಸೆಯುತ್ತ ಹೋದಾಗ ಆಚೆ ಬದಿಯ ಅಂಚಿನಲ್ಲಿ ಬೆರಳಿಗೆ ತಾಕುವ ಸಣ್ಣ ತರಿ ಮೂಡಬೇಕು. ಅದು ಅಂಚಿನ ಉದ್ದಕ್ಕೂ ಮೂಡುವ ಮೊದಲೇ ಬದಿ ಬದಲಿಸುವುದರಿಂದಲೇ ‘ಎಷ್ಟು ಮಸೆದರೂ’ ಎಂಬ ದೂರು ಹುಟ್ಟುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ತರಿ ಉದುರುತ್ತದೆ. ಕಲ್ಲು ಮರೆತುಬಂದ ದಿನ ಹೊಳೆಯ ಚಪ್ಪಟೆ ನುಣುಪು ಕಲ್ಲೂ ನಡೆಯುತ್ತದೆ, ಪಿಂಗಾಣಿ ಲೋಟದ ತಳದ ಒರಟು ಬಳೆಯೂ ನಡೆಯುತ್ತದೆ.

ಪ್ರ: ನಾನು ಹೋಂಸ್ಟೇಯಲ್ಲಿ ಗೈಡ್. ಅತಿಥಿಗಳು ಎರಡು ಪ್ರಶ್ನೆ ತಪ್ಪದೆ ಕೇಳುತ್ತಾರೆ. ಕರಡಿ, ಹಂದಿ ಎದುರಾದರೆ ಕತ್ತಿ ಉಪಯೋಗಕ್ಕೆ ಬರುತ್ತದೆಯೇ? ಹಾವು ಕಚ್ಚಿದರೆ ಗಾಯ ಕೊಯ್ದು ರಕ್ತ ಹರಿಸಬೇಕೇ?
— ಮೂಡಿಗೆರೆ

ಉ: ಎರಡಕ್ಕೂ ಇಲ್ಲ ಎನ್ನಿ, ಜೋರಾಗಿ ಎನ್ನಿ. ನಾಲ್ಕಿಂಚಿನ ಅಲಗು ಕರಡಿಗೆ ತಲುಪುವ ಹೊತ್ತಿಗೆ ಕರಡಿಯ ಉಗುರು ನಮ್ಮನ್ನು ತಲುಪಿ ಆಗಿರುತ್ತದೆ. ಮಾತಾಡುತ್ತ ನಡೆಯುವುದು, ತಿರುವುಗಳಲ್ಲಿ ಸದ್ದು ಮಾಡುವುದು, ಮಬ್ಬುಗತ್ತಲಲ್ಲಿ ಓಡಾಡದಿರುವುದು, ಕಂಡಾಗ ಬೆನ್ನು ತೋರಿಸದೆ ಹಿಂದೆ ಸರಿದು ದಾರಿ ಬಿಡುವುದು, ಇವು ಕತ್ತಿಗಿಂತ ದೊಡ್ಡ ರಕ್ಷಣೆ.

ಹಾವು ಕಚ್ಚಿದ ಜಾಗಕ್ಕಂತೂ ಕತ್ತಿ ತಾಗಿಸಲೇಬಾರದು. ಕೊಯ್ದರೆ ವಿಷ ಹೊರಬರುವುದಿಲ್ಲ. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವುದರಿಂದ ನಾವು ಮಾಡಿದ ಗಾಯದಿಂದ ರಕ್ತ ನಿಲ್ಲದೆ ಹರಿಯಬಹುದು. ಬಿಗಿಯಾಗಿ ಹಗ್ಗ ಕಟ್ಟುವುದೂ ಬೇಡ. ಉಂಗುರ, ಬಳೆ, ಗಡಿಯಾರ ಬಿಚ್ಚಿ, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಹೊತ್ತು ಆಸ್ಪತ್ರೆಗೆ ಒಯ್ಯಿರಿ. ಕತ್ತಿಗೆ ಇಲ್ಲಿ ಇರುವ ಕೆಲಸ ದಬ್ಬೆ ಕೆತ್ತುವುದು, ಕಟ್ಟಲು ಬಟ್ಟೆ ಹರಿಯುವುದು, ಅಷ್ಟೇ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಎಂದು ಅತಿಥಿಗಳು ಬರುವ ಮೊದಲೇ ತಿಳಿದುಕೊಂಡಿರಿ.

ಪ್ರ: ಇಂಗ್ಲೆಂಡಿಗೆ ಬಂದು ವರ್ಷವಾಯಿತು. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಕ್ಯಾಂಪಿಂಗ್ ಮಾಡುವ ಆಸೆ. ಊರಿನಿಂದ ಕತ್ತಿ ತರಿಸಿಕೊಳ್ಳಬಹುದೇ?
— ಮ್ಯಾಂಚೆಸ್ಟರ್‌ನಿಂದ ಒಬ್ಬ ಕನ್ನಡಿಗ

ಉ: ತರಿಸಬೇಡಿ. ಅಲ್ಲಿ ಸಾರ್ವಜನಿಕ ಜಾಗದಲ್ಲಿ ಕಾರಣ ಹೇಳದೆ ಒಯ್ಯಬಹುದಾದದ್ದು ಬೀಗವಿಲ್ಲದ, ಮಡಚುವ, 3 ಇಂಚು ಮೀರದ ಅಂಚಿನ ಚಾಕು ಮಾತ್ರ. ಅಲಗಿಗೆ ಬೀಗ ಬೀಳುವಂತಿದ್ದರೆ, ಅಥವಾ ಅದು ಸ್ಥಿರ ಅಲಗಾದರೆ, ಒಯ್ಯಲು ತಕ್ಕ ಕಾರಣ ನೀವೇ ತೋರಿಸಬೇಕು. ಕ್ಯಾಂಪಿಂಗ್ ಕಾರಣವಾಗಬಹುದು, ಶನಿವಾರ ಬಳಸಿದ ಕತ್ತಿ ಸೋಮವಾರ ಆಫೀಸಿನ ಬ್ಯಾಗಿನಲ್ಲೇ ಉಳಿದಿದ್ದರೆ ಆಗುವುದಿಲ್ಲ. ಹಲ್ಲು, ತೂತುಗಳಿಂದ ಭಯಂಕರವಾಗಿ ಕಾಣುವ, 8 ಇಂಚು ಮೀರಿದ ಕೆಲವು ಬಗೆಯ ಕತ್ತಿಗಳನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟದಲ್ಲಿ ಟೆಂಟು ಹಾಕಲು ಜಮೀನಿನ ಒಡೆಯರ ಒಪ್ಪಿಗೆ ಬೇಕೆಂಬುದನ್ನೂ ಮರೆಯಬೇಡಿ. ನಿಮ್ಮ ಕೆಲಸಕ್ಕೆ ಸ್ವಿಸ್ ಸೈನಿಕರ ಚಾಕುವಿನ ಚಿಕ್ಕ ಮಾದರಿ ಸಾಕು. ಊರಿಗೆ ಬರುವಾಗ ಅದನ್ನು ಕೈಚೀಲದಲ್ಲಿ ಇಡದೆ ಚೆಕ್-ಇನ್ ಸಾಮಾನಿನಲ್ಲಿ ಹಾಕಿ.

ಪ್ರ: ‘127 ಅವರ್ಸ್’ ಸಿನಿಮಾ ನೋಡಿದಾಗಿನಿಂದ ಒಂದೇ ಯೋಚನೆ. ಆತನ ಬಳಿ ಒಳ್ಳೆಯ ಕತ್ತಿ ಇದ್ದಿದ್ದರೆ? ನಾನೂ ಒಬ್ಬನೇ ಚಾರಣ ಹೋಗುವವನು. ನನ್ನ ಬಜೆಟ್ ಸಾವಿರದ ಐನೂರು.
— ಬ್ಯಾಂಕ್ ನೌಕರ, ಬೆಳಗಾವಿ

ಉ: ಆ ಸಿನಿಮಾ ಯಾರ ಕಥೆಯೋ ಆ ಆರನ್ ರಾಲ್‌ಸ್ಟನ್ 2003ರ ಏಪ್ರಿಲ್‌ನಲ್ಲಿ ಅಮೆರಿಕದ ಯೂಟಾದ ಕಣಿವೆಯಲ್ಲಿ ಬಂಡೆಗೂ ಗೋಡೆಗೂ ನಡುವೆ ಬಲಗೈ ಸಿಕ್ಕಿಕೊಂಡು ಐದು ದಿನ ಮೀರಿ ಒದ್ದಾಡಿದ. ಅವನ ಬಳಿ ಇದ್ದದ್ದು ಮೊಂಡಾದ, ಅಗ್ಗದ ಮಲ್ಟಿಟೂಲ್. ಅದರಿಂದ ಎಲುಬು ಕತ್ತರಿಸಲು ಸಾಧ್ಯವಿರಲಿಲ್ಲ. ಮೈಯ ಭಾರವನ್ನೇ ಹಾಕಿ ಮುಂಗೈಯ ಎರಡೂ ಎಲುಬು ಮುರಿದುಕೊಂಡು, ಉಳಿದ ಮಾಂಸ-ನರಗಳನ್ನು ಆ ಮೊಂಡು ಅಲಗಿನಿಂದ ಕೊಯ್ದು ಹೊರಬಂದ.

ಒಳ್ಳೆಯ ಕತ್ತಿ ಇದ್ದಿದ್ದರೆ ಕೈ ಬೇಗ ಹೋಗುತ್ತಿತ್ತು, ಉಳಿಯುತ್ತಿರಲಿಲ್ಲ. ಕೈಯನ್ನೂ ಉಳಿಸಬಹುದಾಗಿದ್ದ ಸಾಧ್ಯತೆ ಬೇರೆ ಇತ್ತು. ಎಲ್ಲಿಗೆ ಹೋಗುತ್ತಿದ್ದೇನೆ, ಯಾವಾಗ ಬರುತ್ತೇನೆ ಎಂದು ಆತ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮರುದಿನವೇ ಹುಡುಕಾಟ ಶುರುವಾಗಬಹುದಿತ್ತು.

ಹಾಗಾಗಿ ನಿಮ್ಮ ಮೊದಲ ಖರೀದಿಗೆ ದುಡ್ಡೇ ಬೇಡ: ಮನೆಯಲ್ಲಿ ದಾರಿ, ಜೊತೆಗಾರರು, ಮರಳುವ ಹೊತ್ತು ಬರೆದಿಟ್ಟು ಹೋಗಿ. ಒಬ್ಬರೇ ಹೋಗುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಪಶ್ಚಿಮ ಘಟ್ಟದಲ್ಲಿ ದಾರಿ ತಪ್ಪಿದವರನ್ನು ಮೊದಲು ಕಾಡುವುದು ಹಸಿವಲ್ಲ, ಮಳೆಯಲ್ಲಿ ನೆನೆದ ಮೈಗೆ ಗಾಳಿ ಬಡಿದು ಇಳಿಯುವ ಮೈಶಾಖ. ಆಮೇಲೆ ಕತ್ತಲು, ಆಮೇಲೆ ಕುಡಿಯುವ ನೀರು. ಆದ್ದರಿಂದ ದೊಡ್ಡ ಪ್ಲಾಸ್ಟಿಕ್ ಹಾಳೆ, ಟಾರ್ಚು, ಸೀಟಿ, ಹತ್ತು ಮೀಟರ್ ಹಗ್ಗ, ಲೈಟರು ತೆಗೆದುಕೊಂಡು ಉಳಿದ ದುಡ್ಡಿಗೆ ನಾಲ್ಕಿಂಚಿನ ಸಾದಾ ಕತ್ತಿ ನೋಡಿ. ಅದನ್ನು ಮನೆಯಲ್ಲೇ ಪಳಗಿಸಿಕೊಳ್ಳಿ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ನಡೆಯದು. ಚಳಿಗೆ ಮರಗಟ್ಟಿದ ಬೆರಳು, ಹೆದರಿದ ಮನಸ್ಸು ಎರಡೂ ಸೇರಿದಾಗ ಕೈ ಮಾಡುವುದು ಹಳೆಯ ಅಭ್ಯಾಸವನ್ನು ಮಾತ್ರ.

ಪ್ರ: ನಮ್ಮ ಯಜಮಾನರು ಎಂಟು ಸಾವಿರ ಕೊಟ್ಟು ಕಾಡಿನ ಕತ್ತಿ ತಂದಿದ್ದಾರೆ. ದಿನಾ ಸಂಜೆ ಒರೆಯಿಂದ ತೆಗೆದು ನೋಡಿ ಒಳಗಿಡುವುದೇ ಕೆಲಸ. ಕೊಟ್ಟ ದುಡ್ಡಿಗೆ ಅದು ತಕ್ಕುದೋ ಅಲ್ಲವೋ ತಿಳಿಯುವುದು ಹೇಗೆ?
— ಗೃಹಿಣಿ, ಶಿವಮೊಗ್ಗ

ಉ: ಅದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ ತಾಯಿ. ಒಂದು ವಾರ ಅಡುಗೆಮನೆಯ ಚಾಕುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ. ಈರುಳ್ಳಿ, ಟೊಮೆಟೊ, ಹಾಗಲಕಾಯಿ ಎಲ್ಲವನ್ನೂ ಯಜಮಾನರೇ ಆ ಕತ್ತಿಯಲ್ಲಿ ಹೆಚ್ಚಿಕೊಡಲಿ. ಟೊಮೆಟೊ ಸಿಪ್ಪೆಗೆ ಅಲಗು ಜಾರಿದರೆ ಬಾಯಿ ಸರಿಯಿಲ್ಲ. ಈರುಳ್ಳಿ ಹೋಳಾಗುವ ಬದಲು ಸೀಳಿದರೆ ಬೆನ್ನು ಅತಿ ದಪ್ಪ. ಮೂರನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದರೆ ಹಿಡಿ ಸರಿಯಿಲ್ಲ. ನಿಂಬೆರಸ ತಾಗಿ ಕಲೆಯಾದರೆ ಅದು ಕಾರ್ಬನ್ ಸ್ಟೀಲು, ಒರೆಸಿ ಎಣ್ಣೆ ಹಚ್ಚುವ ಕೆಲಸವೂ ಅವರದೇ. ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ? ವಾರ ಕಳೆದ ಮೇಲೂ ಅವರು ಅದನ್ನೇ ಕೇಳಿದರೆ ಕತ್ತಿ ಒಳ್ಳೆಯದೆಂದು ತಿಳಿಯಿರಿ. ಹಳೆಯ ಚಾಕು ಕೊಡು ಎಂದರೆ ಮಾರಿಬಿಡಿ. ಹೇಗಿದ್ದರೂ ನಿಮಗೆ ವಾರದ ತರಕಾರಿ ಹೆಚ್ಚುವುದು ತಪ್ಪಿತು.